ಸುಮಿತ್ರಳ ಹೆಸರಿನಲ್ಲಿ ಓದಿದ ಹುಡುಗಿ

ಹೊಸದಾಗಿ ಪ್ರಾಥಮಿಕ ಶಾಲೆಯ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಸಿಕ್ಕರೆ ನನ್ನನ್ನು ಮಾತಿಗೆಳೆಯುತ್ತಾರೆ. "ನಿಮ್ಮ ಕಾಲವೇ ಚೆನ್ನಾಗಿತ್ತು ಬಿಡಿ ಸಾರ್. ಫೋಟೋ ಕಳಿಸೋದಿಲ್ಲ, ಕಂಪ್ಯೂಟರಿಗೆ ತುಂಬೋದಿಲ್ಲ. ಕೇಳುವವರೇ ಇರಲಿಲ್ಲ" ಎನ್ನುತ್ತಾರೆ. ಕೇಳುವವರು ಇದ್ದರು. ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಮುಂಚಿತವಾಗಿ ತಿಳಿಸದೆ ಬರುತ್ತಿದ್ದರು. ಇವತ್ತು ಬರಬಹುದೇ ಎಂದು ದಾರಿ ನೋಡುತ್ತ ಉಳಿದ ದಿನಗಳೆಲ್ಲ ಕಳೆಯುತ್ತಿದ್ದವು. ಮಕ್ಕಳಿಗೆ ಮಗ್ಗಿ ಹೇಳಿಸುವಾಗಲೂ ನನ್ನ ಒಂದು ಕಣ್ಣು ಕಿಟಕಿಯ ಕಡೆಗೇ ಇರುತ್ತಿತ್ತು. ಆ ಹೆದರಿಕೆಯಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಈಗ ಬರೆಯುತ್ತಿದ್ದೇನೆ. ಇಷ್ಟು ವರ್ಷ ಯಾರಿಗೂ ಬರೆದು ತಿಳಿಸಿರಲಿಲ್ಲ.

ನಾನು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ಎಪ್ಪತ್ತರ ದಶಕದ ಆರಂಭದಲ್ಲಿ ಮಲೆನಾಡಿನ ಮೂಲೆಯ ಶಾಲೆಗಳಿಗೆ ಹೋಗಲು ಜನ ಸಿಗುತ್ತಿರಲಿಲ್ಲ. ತರಬೇತಿ ಆಮೇಲೆ ಆಗಲಿ ಎಂದು ನನ್ನಂಥವರನ್ನೂ ತೆಗೆದುಕೊಂಡರು. ಮೊದಲ ನೇಮಕ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅರಳಸುರಳಿ ಕಡೆಯ ಒಂದು ಏಕೋಪಾಧ್ಯಾಯ ಶಾಲೆಗೆ. ಒಂದೇ ಕೋಣೆ, ಒಬ್ಬನೇ ಮೇಷ್ಟ್ರು, ಒಂದರಿಂದ ನಾಲ್ಕರವರೆಗೆ ನಾಲ್ಕು ಸಾಲು ಮಕ್ಕಳು. ಒಂದನೆಯವರ ಸ್ಲೇಟಿನ ಮೇಲೆ ಒಂದು ಅಕ್ಷರ ಬರೆದುಕೊಟ್ಟು ತಿದ್ದಲು ಹೇಳಿ ನಾಲ್ಕನೆಯವರ ಹತ್ತಿರ ಹೋಗುತ್ತಿದ್ದೆ. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಆ ಅಕ್ಷರ ತಿದ್ದಿ ತಿದ್ದಿ ಕುಂಬಳಕಾಯಿಯಷ್ಟಾಗಿರುತ್ತಿತ್ತು. ಹೇಗೆ ಕಲಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮೇಷ್ಟ್ರು ನನಗೆ ಮಾಡಿದ್ದನ್ನೇ ಮಾಡಿದೆ, ಹೊಡೆದೆ. ತಡವಾಗಿ ಬಂದವರಿಗೆಲ್ಲ ಹೊಡೆದು, ಅವರು ಎಷ್ಟು ದೂರದಿಂದ ನಡೆದು ಬರುತ್ತಾರೆಂದು ಕೇಳಿ ತಿಳಿದದ್ದು ಒಂದು ವರ್ಷದ ನಂತರ. ಆ ಪೆಟ್ಟುಗಳ ಲೆಕ್ಕ ನನ್ನ ಬಳಿ ಇಲ್ಲ.

ಆ ಶಾಲೆಯಲ್ಲೇ ನನಗೆ ಮೊದಲ ಮೆಮೋ ಬಂತು. ಒಂದು ಮಧ್ಯಾಹ್ನ ಹಳ್ಳ ಏರತೊಡಗಿತು. ಸಂಕದ ಆಚೆಯಿಂದ ಬರುವ ಮಕ್ಕಳು ಹತ್ತು ಹನ್ನೆರಡು ಜನ. ಎರಡು ಅಡಿಕೆ ಮರ ಜೋಡಿಸಿದ ಕಾಲುಸೇತುವೆ ಅದು. ಬೇಗ ಶಾಲೆ ಬಿಟ್ಟು, ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿ ವಾಪಸು ಬಂದರೆ ಆಗಿನ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಹಾಜರಿ ಪುಸ್ತಕ.

"ಮಧ್ಯಾಹ್ನದ ಹಾಜರಿ ಹಾಕಿದ್ದೀರಿ. ಮಕ್ಕಳೆಲ್ಲಿ?"

"ಹಳ್ಳ ಏರ್ತಿತ್ತು ಸಾರ್. ದಾಟಿಸಿ ಬಂದೆ."

"ನಾನು ಹಳ್ಳದ ವಿಚಾರ ಕೇಳಲಿಲ್ಲ."

ಬೆಳಗ್ಗೆಯೇ ಎರಡು ಹೊತ್ತಿನ ಹಾಜರಿಯನ್ನೂ ಹಾಕಿಬಿಡುವ ಕೆಟ್ಟ ಅಭ್ಯಾಸ ನನಗಿತ್ತು. ತಪ್ಪು ನನ್ನದೇ. ಆದರೆ ಮಕ್ಕಳು ಕ್ಷೇಮವಾಗಿ ಮನೆ ಸೇರಿದರೇ ಎಂದು ಅವರು ಒಂದು ಮಾತು ಕೇಳಿದ್ದರೆ ನಾನು ಬೇರೆ ಪಾಠ ಕಲಿಯುತ್ತಿದ್ದೆನೋ ಏನೋ. ಪಕ್ಕದೂರಿನ ಹಿರಿಯ ಮೇಷ್ಟ್ರೊಬ್ಬರಿಗೆ ಮೆಮೋ ತೋರಿಸಿದೆ. ಅವರು ಎಲೆಅಡಿಕೆಯ ಕವಳ ಉಗುಳಿ ಬಂದು ಹೇಳಿದರು: "ಎಂಥ ಮಾರಾಯ ನೀನು! ಸಾಹೇಬ್ರಿಗೆ ಹಾಜರಿ ಬೇಕು, ಮಕ್ಳಲ್ಲ. ಪುಸ್ತಕದಾಗೆ ಎಷ್ಟಿದೆಯೋ ಬೆಂಚಿನ ಮೇಲೆ ಅಷ್ಟು ತಲೆ ಕೂರ್ಸು. ಯಾರ ತಲೆ ಅಂತ ಯಾರು ನೋಡ್ತಾರೆ?"

ನಾನು ಅದನ್ನು ಚೆನ್ನಾಗಿ ಕಲಿತೆ.

ಎರಡು ವರ್ಷದ ಮೇಲೆ ಹೊಸನಗರ ತಾಲ್ಲೂಕಿಗೆ ವರ್ಗವಾಯಿತು. ನಿಟ್ಟೂರಿನಿಂದ ಕಾಡುದಾರಿಯಲ್ಲಿ ನಡೆದು ಹೋಗಬೇಕಾದ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಶಾಲೆ ಈಗಲೂ ಇದೆ. ಪುಸ್ತಕದಲ್ಲಿ ಇಪ್ಪತ್ತಾರು ಮಕ್ಕಳಿದ್ದರು. ಬರುವವರು ಹದಿನೆಂಟು, ಇಪ್ಪತ್ತು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ತಿಂಗಳುಗಳಲ್ಲಂತೂ ಅಪ್ಪ ಅಮ್ಮ ಅಡಿಕೆ ಸುಲಿಯಲು ದೂರದ ಊರುಗಳಿಗೆ ಹೋದರೆ ಮಕ್ಕಳೂ ಜೊತೆಗೆ ಹೋಗಿಬಿಡುವರು. ಹಾಜರಿ ಬೀಳುವ ಶಾಲೆಗಳನ್ನು ಎತ್ತಿಬಿಡುತ್ತಾರೆ, ಮೇಷ್ಟ್ರನ್ನು ಎಲ್ಲಿಗೋ ಎಸೆಯುತ್ತಾರೆ ಎಂಬ ಮಾತು ಆಗ ಎಲ್ಲ ಕಡೆ ಹಬ್ಬಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಡತದಲ್ಲಿ ಒಂದು ಮೆಮೋ ಬೇರೆ. ಇನ್ನೊಂದು ಬಂದರೆ ಮನೆಗೇ ಹೋಗಬೇಕು ಎಂದುಕೊಂಡು, ಬಾರದ ಮಕ್ಕಳಿಗೂ ದಿನವೂ ಹಾಜರಿ ಹಾಕುತ್ತಿದ್ದೆ. ಸಾಹೇಬರು ಬರುವ ಸುದ್ದಿ ಬಸ್ ಏಜೆಂಟರಿಂದಲೋ ಅಂಚೆಯವನಿಂದಲೋ ಮೊದಲೇ ತಿಳಿದರೆ, ಹಿಂದಿನ ವರ್ಷ ನಾಲ್ಕನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದ ಮಕ್ಕಳನ್ನು ಕರೆತಂದು ಖಾಲಿ ಜಾಗದಲ್ಲಿ ಕೂರಿಸುವುದು, ಇಲ್ಲದ ಮಕ್ಕಳ ಹೆಸರನ್ನು ಅವರಿಗೆ ಹೇಳಿಕೊಡುವುದು. ಆ ಭಾಗದ ಹಲವು ಮೇಷ್ಟ್ರುಗಳು ಇದನ್ನು ಮಾಡುತ್ತಿದ್ದರು. ಯಾರಿಗೂ ಇದು ಪಾಪ ಅನ್ನಿಸಿರಲಿಲ್ಲ.

ಹಾಗೆ ನಾನು ಕರೆತಂದವರಲ್ಲಿ ಒಬ್ಬಳು ನಾಗವೇಣಿ. ಹೂವಮ್ಮ ಎಂಬ ವಿಧವೆಯ ಮಗಳು, ಹನ್ನೊಂದು ವರ್ಷ. ತಮ್ಮನನ್ನು ನೋಡಿಕೊಳ್ಳಬೇಕಿದ್ದರಿಂದ ಅವಳು ಶಾಲೆಗೆ ಸೇರಿದ್ದೇ ಒಂದು ವರ್ಷ ತಡವಾಗಿ. ನಾಲ್ಕರ ನಂತರ ಐದನೇ ಕ್ಲಾಸಿಗೆ ಕಾಡು ದಾಟಿ ಹೋಗಬೇಕು; ಹೋಗಲಿಲ್ಲ. ಶಾಲೆಯ ಬೇಲಿಯ ಆಚೆ ಎಮ್ಮೆ ಮೇಯಿಸುತ್ತ ನಿಂತು, ಒಳಗೆ ನಾನು ಕೇಳಿದ ಲೆಕ್ಕಕ್ಕೆ ಹೊರಗಿನಿಂದ ಉತ್ತರ ಕೂಗುತ್ತಿದ್ದಳು. "ಎಮ್ಮೆ ನೋಡ್ಕೊಳೇ!" ಎಂದು ಗದರುತ್ತಿದ್ದೆ. "ಎಮ್ಮೆ ಇಲ್ಲೇ ಅದೆ ಸಾ. ಉತ್ರ ಸರಿನಾ?" ಎನ್ನುವಳು. ಉತ್ತರ ಸರಿಯೇ ಇರುತ್ತಿತ್ತು.

ಸಾಹೇಬರು ಬರುತ್ತಾರೆಂದು ಸುದ್ದಿ ಬಂದ ಒಂದು ದಿನ ಅವಳಿಗೆ ಕೊಟ್ಟ ಹೆಸರು ಸುಮಿತ್ರ. ನಾಲ್ಕನೇ ಕ್ಲಾಸಿನ ಸುಮಿತ್ರ ಅಪ್ಪ ತಿಮ್ಮಪ್ಪನ ಜೊತೆ ತೀರ್ಥಹಳ್ಳಿ ಕಡೆಗೆ ಅಡಿಕೆ ಸುಲಿಯಲು ಹೋಗಿ ಮೂರು ವಾರವಾಗಿತ್ತು. ನನ್ನ ಪುಸ್ತಕದಲ್ಲಿ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಬಂದವರು ಹೊಸ ಇನ್‌ಸ್ಪೆಕ್ಟರು. ನಡೆದು ಸುಸ್ತಾಗಿ ಬಂದು ಬೂಟು ಬಿಚ್ಚಿ ಕುಳಿತರು. ಬೈಯಲಿಲ್ಲ. ಹಾಜರಿ ಪುಸ್ತಕ ತೆರೆದು, ತಲೆ ಎಣಿಸಿ ಮುಚ್ಚಿಟ್ಟರು. ನನಗೆ ಉಸಿರು ಬಂತು. ಆಮೇಲೆ ತಾವು ತಂದಿದ್ದ ಬುತ್ತಿಗೆ ಸುತ್ತಿದ್ದ ಹಳೆಯ ಪೇಪರನ್ನು ಬಿಡಿಸಿ, "ಪಾಠದ ಪುಸ್ತಕ ಬಾಯಿಪಾಠ ಆಗಿರುತ್ತೆ. ಇದನ್ನು ಯಾರು ಓದ್ತೀರಿ?" ಎಂದು ಕೇಳಿದರು. ಯಾರೂ ಏಳಲಿಲ್ಲ. ಸುಮ್ಮನೆ ಕೂತಿರಬೇಕೆಂದು ನಾನು ಅಷ್ಟು ಹೇಳಿದ್ದರೂ ನಾಗವೇಣಿ ಎದ್ದು ನಿಂತಳು. ಎಣ್ಣೆ ಹತ್ತಿದ್ದ ಆ ಕಾಗದವನ್ನು ಬೆಳಕಿಗೆ ಹಿಡಿದು, ಎಲ್ಲೂ ತಡವರಿಸದೆ ಓದಿದಳು. ಸುದ್ದಿ ಅರ್ಧಕ್ಕೆ ಹರಿದಿತ್ತು. ತಲೆಯೆತ್ತಿ, "ಮುಂದಿಂದು ಎಲ್ಲಿ ಸಾ?" ಎಂದಳು.

"ಮುಂದಿಂದು ನಮ್ಮ ಮನೆಯಲ್ಲಿ ಇನ್ಯಾವುದಕ್ಕೋ ಸುತ್ತಿದ್ದಾರೆ ಕಣಮ್ಮ" ಎಂದು ಸಾಹೇಬರು ಜೋರಾಗಿ ನಕ್ಕರು. "ಇಂಥ ಮಗುವನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಬಾರದು ಮೇಷ್ಟ್ರೇ. ಸಾಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿದೆ. ನಾನು ಬರೆದು ಸೀಟು ಕೊಡಿಸುತ್ತೇನೆ. ನಿನ್ನ ಹೆಸರೇನಮ್ಮ?"

ನಾಗವೇಣಿ ನನ್ನನ್ನು ನೋಡಿದಳು.

ಆ ನೋಟ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಅವಳು ಕೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. "ಸಾರ್, ಇವಳು ನಾಗವೇಣಿ, ಹೋದ ವರ್ಷದವಳು" ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಕಂಡದ್ದು ಮೇಜಿನ ಮೇಲಿನ ಹಾಜರಿ ಪುಸ್ತಕ. ಹೇಳಿಕೊಟ್ಟ ಹೆಸರನ್ನೇ ಹೇಳು ಎಂಬಂತೆ ತಲೆಯಾಡಿಸಿದೆ.

"ಸುಮಿತ್ರ" ಎಂದಳು. ಸಾಹೇಬರು ಅದನ್ನೇ ತಮ್ಮ ಡೈರಿಯಲ್ಲೂ ಶಾಲೆಯ ಭೇಟಿ ಪುಸ್ತಕದಲ್ಲೂ ಬರೆದರು.

ಅವರನ್ನು ದಾರಿಗೆ ಬಿಟ್ಟು ಬಂದಾಗ ಮಕ್ಕಳೆಲ್ಲ ಹೋಗಿದ್ದರು. ಅವಳೊಬ್ಬಳು ಬಾಗಿಲಲ್ಲಿ ನಿಂತಿದ್ದಳು. "ಸಾ, ನಂಗೆ ಹಾಸ್ಟೆಲು ಸಿಗತ್ತಾ?"

"ನೋಡಣ. ನಾನು ಸಾಹೇಬ್ರಿಗೆ ಹೇಳ್ತೀನಿ. ನೀನು ಯಾರಿಗೂ ಏನೂ ಹೇಳ್ಬೇಡ."

ಹೇಳಬೇಕೆಂದೇ ಇದ್ದೆ. ಮೂರು ಸಲ ಕಾಗದ ಬರೆದೆ. ಸುಮಿತ್ರ ಆ ದಿನ ಬಂದಿರಲಿಲ್ಲ ಎಂದು ಬರೆದರೆ ಮೂರು ವಾರದ ಹಾಜರಿ ಸುಳ್ಳಾಗುತ್ತದೆ. ಅದು ಸುಳ್ಳಾದರೆ ಇಡೀ ಪುಸ್ತಕವೇ ಸುಳ್ಳು. ಮೂರನ್ನೂ ಹರಿದು ಹಾಕಿದೆ. ಅಂಚೆಯವನು ದೂರದಲ್ಲಿ ಕಂಡರೆ ಶಾಲೆಯೊಳಗೆ ಸೇರಿಕೊಳ್ಳುತ್ತಿದ್ದೆ.

ಅದೇ ದಿನಗಳಲ್ಲಿ ಹೊಸನಗರದಲ್ಲಿ ಹೊಸ ಗಣಿತದ ತರಬೇತಿ ನಡೆಯಿತು. ಆಗಷ್ಟೇ ಪಾಠಕ್ಕೆ 'ಗಣ' ಎಂಬುದು ಬಂದಿತ್ತು. ಮೂರು ಮಾವಿನಹಣ್ಣಿನ ಸುತ್ತ ಒಂದು ಗೆರೆ ಎಳೆದರೆ ಅದು ಗಣ. ಇದನ್ನು ಯಾಕೆ ಕಲಿಸಬೇಕೆಂದು ತರಬೇತಿ ಕೊಟ್ಟವರಿಗೂ ಪೂರ್ತಿ ಗೊತ್ತಿದ್ದಂತೆ ಕಾಣಲಿಲ್ಲ. ನಮ್ಮ ಜೊತೆಗಿದ್ದ ಮುದಿ ಮೇಷ್ಟ್ರೊಬ್ಬರು "ಗೆರೆ ಎಳದ್ರೆ ಹಣ್ಣು ಜಾಸ್ತಿ ಆಗತ್ತಾ ಸ್ವಾಮಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಎರಡನೇ ದಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಎಲ್ಲರ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಇವರ ಶಾಲೆಯಲ್ಲಿ ಸುಮಿತ್ರ ಅಂತ ಒಬ್ಬಳು ಹುಡುಗಿ. ಪೇಪರ್ ಓದಿ ನನ್ನನ್ನೇ ಪ್ರಶ್ನೆ ಕೇಳಿದಳು. ಕಾಡಿನೊಳಗೆ ಹೀಗೆ ಪಾಠ ಮಾಡುವ ಮೇಷ್ಟ್ರು ಇದ್ದಾರೆ ನೋಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ, ಮನುಷ್ಯ ಒಳ್ಳೆಯವರು, ಹೇಳಿಬಿಡೋಣ ಎಂದು ಅವರ ಹಿಂದೆಯೇ ಜಗಲಿಯವರೆಗೆ ಹೋದೆ. ತಿರುಗಿ ನೋಡಿ, "ಏನು ಮೇಷ್ಟ್ರೇ, ಏನಾದರೂ ಬೇಕಿತ್ತಾ?" ಎಂದರು.

"ಸೀಮೆಸುಣ್ಣ ಮುಗಿದಿತ್ತು ಸಾರ್" ಎಂದೆ.

ಗುಮಾಸ್ತರಿಗೆ ಹೇಳಿ ಎರಡು ಪೆಟ್ಟಿಗೆ ಕೊಡಿಸಿದರು. ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಕೂತು ವಾಪಸು ಬಂದೆ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆದೇಶ ಬಂತು. ತಿಮ್ಮಪ್ಪನ ಮಗಳು ಸುಮಿತ್ರಳಿಗೆ ಸಾಗರದ ಹಾಸ್ಟೆಲಿನಲ್ಲಿ ಸೀಟು. ತಿಮ್ಮಪ್ಪನನ್ನು ಕರೆದು ಓದಿ ಹೇಳಿದೆ. ಅವನು ನಕ್ಕುಬಿಟ್ಟ. "ಎಂಥ ತಮಾಷೆ ಮೇಷ್ಟ್ರೇ? ಅದ್ಕೆ ಎರಡರ ಮಗ್ಗೀನೇ ನೆಟ್ಟಗೆ ಬರಲ್ಲ. ಸಾಹೇಬ್ರು ಬಂದಾಗ ಅದು ನಮ್ಮ ಜತೆ ಅಡಿಕೆ ಸುಲೀತಿತ್ತು!" ನಾನು ಆದೇಶವನ್ನು ಅವನ ಕೈಗಿಟ್ಟೆ. ಅವನು ನನ್ನ ಮುಖ ನೋಡಿದ, ನಗು ನಿಂತಿತು. "ಮನೆ ಬಾಗ್ಲಿಗೆ ಬಂದಿದ್ದು ಬೇಡ ಅನ್ನಕ್ಕಾಗತ್ತಾ? ನೀವೂ ಸುಮ್ನಿರಿ, ನಾನೂ ಸುಮ್ನಿರ್ತೀನಿ" ಎಂದು ಕಾಗದ ಮಡಚಿ ಇಟ್ಟುಕೊಂಡ. ಸುಮಿತ್ರ ಹೋದಳು. ಎರಡನೇ ಸಲಕ್ಕೆ ಎಸ್.ಎಸ್.ಎಲ್.ಸಿ. ಪಾಸಾಗಿ ಮುಂದೆ ನರ್ಸ್ ಆದಳು. ಅವಳದೇನೂ ತಪ್ಪಿಲ್ಲ. ಅವಳ ಏಳಿಗೆಯನ್ನು ತೋರಿಸಿ ನನಗೆ ನಾನು ಸಮಾಧಾನ ಹೇಳಿಕೊಂಡ ವರ್ಷಗಳೂ ಇದ್ದವು. ಅದೂ ಒಂದು ತಪ್ಪೇ.

ಸುದ್ದಿ ತಿಳಿದ ದಿನ ಹೂವಮ್ಮ ಶಾಲೆಗೆ ಬಂದಳು. ಹಿಂದೆ ನಾಗವೇಣಿ.

"ಸಾಹೇಬ್ರ ಮುಂದೆ ಪೇಪರ್ ಓದಿದ್ದು ನಮ್ಮ ಹುಡುಗಿ ಅಂತ ಮಕ್ಳೆಲ್ಲ ಹೇಳ್ತಾವೆ. ಸೀಟು ತಿಮ್ಮಪ್ಪನ ಮಗ್ಳಿಗೆ ಹೆಂಗೆ ಬಂತು ಮೇಷ್ಟ್ರೇ?"

ಇಷ್ಟು ದಿನ ನಾನು ಹೇಳದೆ ಇದ್ದೆ. ಈಗ ಹೇಳಿದೆ, ಆದರೆ ಸುಳ್ಳನ್ನು. "ಸಾಹೇಬರಿಗೆ ನಿನ್ನ ಮಗಳೇ ಇಷ್ಟವಾಗಿದ್ದು ಹೂವಮ್ಮ. ಆದರೆ ವಯಸ್ಸು ಒಂದು ವರ್ಷ ಮೀರಿದೆ ಅಂದರು. ಅದಕ್ಕೆ ಇದೇ ಶಾಲೆಯ ಇನ್ನೊಬ್ಬಳಿಗೆ ಕೊಟ್ಟರು." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಒಂದು ವರ್ಷ ಮೊದಲೇ ಶಾಲೆಗೆ ಸೇರಿಸಿದ್ದಿದ್ದರೆ..." ಎಂದೆ.

ಹೂವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನಾಗವೇಣಿ ಒಂದು ನಿಮಿಷ ನಿಂತಳು.

"ಸಾ, ನಾನು ನನ್ನ ಹೆಸ್ರೇ ಹೇಳ್ಬೇಕಿತ್ತಾ?"

"ಇಲ್ಲ, ನೀನು ಸರಿಯಾಗೇ ಹೇಳ್ದೆ" ಎಂದೆ. ಆ ವರ್ಷ ಬೇಲಿಯ ಆಚೆಯಿಂದ ಉತ್ತರ ಬರಲಿಲ್ಲ. ಅವಳು ಎಮ್ಮೆಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ನನ್ನ ಕೆಲಸ ಕಾಯಂ ಆಯಿತು.

ಎಂಬತ್ತರ ದಶಕ ಶುರುವಾಗುವಾಗ ನಾನು ಸಾಗರ ತಾಲ್ಲೂಕಿನಲ್ಲಿದ್ದೆ, ಶರಾವತಿ ಹಿನ್ನೀರಿನ ಆಚೆ, ಸಿಗಂದೂರಿನ ಕಡೆ. ಅಷ್ಟರಲ್ಲಿ ಬಾಕಿಯಿದ್ದ ಉಪಾಧ್ಯಾಯ ತರಬೇತಿಯೂ ಆಗಿತ್ತು, ಬೆತ್ತವೂ ಬಿಟ್ಟುಹೋಗಿತ್ತು. ಆ ಸಲದ ಜನಗಣತಿಗೆ ಮೇಷ್ಟ್ರುಗಳನ್ನು ಹಾಕಿದರು. ಫಾರಂ ಹಿಡಿದು ಗುಡ್ಡದಿಂದ ಗುಡ್ಡಕ್ಕೆ, ಮನೆಯಿಂದ ಮನೆಗೆ. ಒಂದು ಮನೆಯ ಜಗಲಿಯಲ್ಲಿ ಕುಳಿತು ಯಜಮಾನನ ಹೆಸರು, ಅವನ ತಾಯಿಯ ಹೆಸರು ಬರೆದುಕೊಂಡೆ. ಒಳಗಿನಿಂದ ಮಗು ಎತ್ತಿಕೊಂಡು ಬಂದ ಹೆಂಗಸಿಗೆ, ತಲೆ ಎತ್ತದೆ, "ನಿನ್ನ ಹೆಸರೇನಮ್ಮ?" ಎಂದೆ.

ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ.

"ಯಾವ ಹೆಸ್ರು ಹೇಳ್ಲಿ ಸಾ?"

ತಲೆ ಎತ್ತಿದೆ. ನಾಗವೇಣಿ. ಹದಿನೆಂಟಿರಬಹುದು. ಸಿಟ್ಟಿನಿಂದ ಹೇಳಿದ್ದಲ್ಲ, ಕಣ್ಣಲ್ಲಿ ಸ್ವಲ್ಪ ನಗುವೂ ಇತ್ತು. ನಾನು ಫಾರಮ್ಮನ್ನು ಪಕ್ಕಕ್ಕಿಟ್ಟೆ. ಹೆಸರು ಬರೆಸಿದ ಯಜಮಾನ ಆಗಲೇ ತೋಟಕ್ಕೆ ಹೋಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಲ್ಲೇ ಹೇಳಿದೆ. ಕೆಲಸ ಹೋಗುತ್ತದೆಂದು ಹೆದರಿ ಅವಳ ಹೆಸರು ಮುಚ್ಚಿಟ್ಟೆ ಎಂದು.

"ಅದು ನಂಗೆ ಗೊತ್ತಲ್ಲ ಸಾ, ಓದಿದ್ದು ನಾನೇ ಅಲ್ದಾ?" ಎಂದಳು. "ನೀವು ಸಾಹೇಬ್ರಿಗೆ ಹೇಳ್ತೀರೇನೋ ಅಂತ ಎರಡು ವರ್ಷ ಕಾದೆ. ಹೆಂಗೂ ನಂಗೆ ವಯಸ್ಸಾಗಿತ್ತಲ್ಲ ಅಂತ ಆಮೇಲೆ ಸುಮ್ನಾದೆ."

"ವಯಸ್ಸಿನ ಮಾತೂ ಸುಳ್ಳು, ನಾಗವೇಣಿ. ಸಾಹೇಬರು ಹಾಗೆ ಹೇಳೇ ಇರಲಿಲ್ಲ."

ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು. ನಗುವೂ ಹೋಯಿತು.

"ಅದೂ ಸುಳ್ಳಾ?" ಮಗುವನ್ನು ಕೆಳಗಿಳಿಸಿದಳು. "ಅವ್ವ ಇವತ್ತಿಗೂ ಅದನ್ನೇ ಹೇಳ್ಕಂಡು ಅಳ್ತದೆ ಸಾ. ತಮ್ಮನ್ನ ನೋಡ್ಕಳಕ್ಕೆ ಮನೇಲಿಟ್ಕಂಡೆ, ಒಂದು ವರ್ಷ ತಡ ಮಾಡ್ದೆ, ಮಗ್ಳ ಬಾಳು ನಾನೇ ಹಾಳ್ಮಾಡ್ದೆ ಅಂತ. ತಮ್ಮಂಗೂ ಅದನ್ನೇ ಹೇಳಿ ಬೈತದೆ. ನಂಗೆ ಹೇಳಿದ್ದು ಸಾಕು. ಅವ್ವಂಗೆ ಹೇಳಿ ಬನ್ನಿ."

ಫಾರಮ್ಮಿನಲ್ಲಿ ಓದಿನ ಕಲಂ ಇತ್ತು. ಕೇಳದೆಯೇ ನಾಲ್ಕನೇ ತರಗತಿ ಎಂದು ಬರೆದು ಎದ್ದೆ.

ದಸರಾ ರಜೆಯಲ್ಲಿ ಆ ಹಳ್ಳಿಗೆ ಹೋದೆ. ಹೂವಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಮೊರ ಕೆಳಗಿಡದೆ ಕೇಳಿದಳು. ಬೈಯುತ್ತಾಳೆ, ಬೈಯಲಿ ಎಂದು ಕಾದು ನಿಂತೆ.

"ಅವತ್ತೇ ಹೇಳಿದ್ರೆ ಸಾಗರಕ್ಕೆ ನಡ್ಕಂಡಾದ್ರೂ ಹೋಗಿ ಜಗಳ ಮಾಡ್ತಿದ್ದೆ ಮೇಷ್ಟ್ರೇ. ಈಗ ಯಾರ ಹತ್ರ ಮಾಡ್ಲಿ?" ಎಂದಳು. ಆಮೇಲೆ, "ನೀವು ಹೇಳಿದ್ದು ಗಾಳೀಲಿ ಹೋಗ್ತದೆ. ಊರವ್ರು ನನ್ನ ಮಾತು ನಂಬಲ್ಲ. ಒಂದು ಕಾಗ್ದದಲ್ಲಿ ಬರ್ದು ಸಹಿ ಹಾಕ್ಕೊಡಿ. ಓದಿದ್ದು ನನ್ನ ಮಗ್ಳೇ, ನನ್ನ ತಪ್ಪಿಲ್ಲ ಅಂತ."

ಸಹಿ ಎಂದ ಕೂಡಲೇ ನನ್ನೊಳಗೆ ಎಲ್ಲ ಮೊದಲಿನಂತೆಯೇ ಆಯಿತು. ಕಾಗದ ತಿಮ್ಮಪ್ಪನ ಕೈಗೆ ಹೋದರೆ? ಅಲ್ಲಿಂದ ಆಫೀಸಿಗೆ ಹೋದರೆ? ನನಗೆ ಆಗ ಇಬ್ಬರು ಮಕ್ಕಳು.

"ಪೆನ್ನು ತಂದಿಲ್ಲ ಹೂವಮ್ಮ."

"ಕಿಸೇಲಿ ಇರದು ಎಂಥ?"

"ಇಂಕು ಮುಗ್ದಿದೆ."

ಅವಳು ನನ್ನನ್ನು ಒಂದು ಸಲ ಪೂರ್ತಿ ನೋಡಿದಳು. "ಆತು. ಇಂಕು ತುಂಬ್ಸ್ಕಂಡು ಬನ್ನಿ" ಎಂದು ಮತ್ತೆ ಅಕ್ಕಿ ಕೇರತೊಡಗಿದಳು. ನಾನು ಮತ್ತೆ ಹೋಗಲಿಲ್ಲ.

ನಿವೃತ್ತನಾಗಿ ಬಹಳ ವರ್ಷವಾಯಿತು. ಈಗ ಬರೆದರೆ ನನ್ನದೇನೂ ಹೋಗುವುದಿಲ್ಲ. ಏನೂ ಹೋಗದಿರುವಾಗ ಬಂದ ಧೈರ್ಯವನ್ನು ಧೈರ್ಯವೆಂದು ಯಾರೂ ಕರೆಯಬೇಡಿ. ಹೊಸ ಮೇಷ್ಟ್ರುಗಳಿಗೆ ಬುದ್ಧಿ ಹೇಳುವ ಯೋಗ್ಯತೆಯೂ ನನಗಿಲ್ಲ. ಒಂದು ಮಗು ಎದ್ದು ನಿಂತು ನಿಮ್ಮ ಮುಖ ನೋಡುವ ಗಳಿಗೆ ನಿಮಗೂ ಬರುತ್ತದೆ. ಅದು ಬಹಳ ಚಿಕ್ಕದಾಗಿರುತ್ತದೆ ಎಂದಷ್ಟೇ ಹೇಳಬಲ್ಲೆ.

ಹೂವಮ್ಮನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜು, ಮಗಳ ಮನೆಯಲ್ಲಿದ್ದಾಳೆ. ಅವಳು ಕೇಳಿದ ಕಾಗದವನ್ನು ಕೆಳಗೆ ಬರೆದಿದ್ದೇನೆ. ಅಕ್ಷರ ಬಾರದ ಅವಳಿಗೆ ಇದನ್ನು ನಾಗವೇಣಿಯೇ ಓದಿ ಹೇಳಬೇಕು.

ಆ ದಿನ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಪೇಪರ್ ಓದಿದವಳು ಹೂವಮ್ಮನವರ ಮಗಳು ನಾಗವೇಣಿ. ಸಾಹೇಬರು ಹಾಸ್ಟೆಲಿಗೆ ಆರಿಸಿದ್ದು ಅವಳನ್ನೇ. ಅವಳ ವಯಸ್ಸನ್ನು ಅವರು ಕೇಳಿಯೇ ಇರಲಿಲ್ಲ. ಅವಳನ್ನು ಶಾಲೆಗೆ ತಡವಾಗಿ ಸೇರಿಸಿದ್ದರಿಂದ ಏನೂ ಕೆಡಲಿಲ್ಲ. ಅವಳ ತಾಯಿಯದಾಗಲಿ, ತಮ್ಮನದಾಗಲಿ ಇದರಲ್ಲಿ ತಪ್ಪಿಲ್ಲ. ಕೆಡಿಸಿದವನು ಆಗ ಆ ಶಾಲೆಯ ಮೇಷ್ಟ್ರಾಗಿದ್ದ ನಾನು. ಇದನ್ನು ನನ್ನ ಕೈಯಾರೆ ಬರೆದು ಸಹಿ ಮಾಡಿದ್ದೇನೆ.